ರೂಢಿ ಆಗತೈತಿ

ನಮ್ಮ ಕಡೆ ಯಾರಾದರೂ ಬಿಸಿಲಿನ ಬಗ್ಗೆ ಗೋಳಾಡಿದರೆ ಸಿಗುವ ಉತ್ತರ ಒಂದೇ: ‘ರೂಢಿ ಆಗತೈತಿ ತಗೋ.’ ಹುಕ್ಕೇರಿಯ ಬಸ್‌ಸ್ಟ್ಯಾಂಡಿನಲ್ಲಿ, ಮೂಡಲಗಿಯ ಕಬ್ಬಿನ ಹೊಲದ ಬದುವಿನಲ್ಲಿ, ಗೋಕಾಕದ ನಮ್ಮ ಓಣಿಯಲ್ಲಿ ಕೇಳಿದ್ದೇನೆ. ಹೊಸ ಸೊಸೆಗೆ ಒಲೆಯ ಮುಂದೆ ಹೇಳುವುದೂ ಅದನ್ನೇ. ಈ ಮಾತು ಸುಳ್ಳಲ್ಲ. ಅದಕ್ಕೇ ನನ್ನನ್ನು ಕಾಡುತ್ತದೆ.

ವಿಜ್ಞಾನ ನಾನು ಕಲಿಸುವ ವಿಷಯವಲ್ಲ, ಓದಿ ತಿಳಿದದ್ದಿಷ್ಟು. ದಿನಾಲೂ ಒಂದಷ್ಟು ಹೊತ್ತು ಧಗೆಯಲ್ಲಿ ದುಡಿದರೆ 10-14 ದಿನಗಳಲ್ಲಿ ದೇಹ ತಾನೇ ಬದಲಾಗುತ್ತದೆ. ಬೆವರು ಬೇಗ ಬರುತ್ತದೆ, ಹೆಚ್ಚು ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆ. ರಕ್ತದಲ್ಲಿ ನೀರಿನಂಶ ಹೆಚ್ಚಿ ಎದೆಬಡಿತ ಹದಕ್ಕೆ ಬರುತ್ತದೆ. ಕೆಲವು ವಾರ ನೆರಳಲ್ಲಿದ್ದರೆ ಈ ಗಳಿಕೆಯೆಲ್ಲ ಕರಗಿಹೋಗುತ್ತದೆ. ಚಳಿಗೆ ಮಾತ್ರ ದೇಹ ಇಷ್ಟು ಉದಾರವಾಗಿ ಒಗ್ಗುವುದಿಲ್ಲ. ಚರ್ಮದ ರಕ್ತನಾಳ ಬಿಗಿಯುತ್ತವೆ, ಮೈ ನಡುಗುತ್ತದೆ. ಉಳಿದದ್ದು ಕೌದಿಯ ಕೆಲಸ.

ಬೆವರು ತಂಪು ಮಾಡುವುದು ಆರಿದಾಗ. ಗಾಳಿಯಲ್ಲೇ ತೇವವಿದ್ದರೆ ಅದು ಸುಮ್ಮನೆ ಸುರಿಯುತ್ತದೆ. ನೂಲಿನ ಎಳೆ ಹರಿಯದಿರಲೆಂದು ನೂಲುವ ಕೋಣೆಯಲ್ಲಿ ತೇವ ಇಡುತ್ತಾರೆ. ನೂಲಿಗೆ ಹಿತವಾದದ್ದು ನೂಲುವವರಿಗೆ ಹಿತವಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಸೆಕೆ, ತೇವ ಎರಡಕ್ಕೂ ನಿಯಮ ಬರೆದರು. ಅಡುಗೆಮನೆಗೆ ಯಾರು ಬರೆದರು? ತಗಡಿನ ಮಾಡಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ರೊಟ್ಟಿ ಬಡಿಯುವವಳು ಫ್ಯಾನು ಹಾಕುವಂತಿಲ್ಲ, ಉರಿ ಆರುತ್ತದೆ. ಫ್ಯಾನು ಉಣ್ಣುವವರ ತಲೆಯ ಮೇಲೆ.

‘ನಾವೇನ ಸತ್ತೇವೇನ?’ ಎನ್ನುತ್ತಾರೆ ಹಿರಿಯ ಅತ್ತೆಯಂದಿರು. ಆ ಹೆಮ್ಮೆ ಅವರು ದುಡಿದು ಗಳಿಸಿದ್ದು, ಕಸಿಯಲು ನಾನ್ಯಾರು? ಆದರೆ ತಾಳಿಕೊಂಡವಳ ಹೆಮ್ಮೆಯನ್ನು ಇನ್ನೊಬ್ಬಳ ಮೇಲೆ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ.

ಸಿಯಾಚಿನ್‌ಗೆ ಹೋಗುವ ಸೈನಿಕರನ್ನು ಸೇನೆ ಒಮ್ಮೆಲೇ ಮೇಲೆ ಹತ್ತಿಸುವುದಿಲ್ಲ. ಎರಡು ವಾರ ಹಂತಹಂತವಾಗಿ ನಿಲ್ಲಿಸಿ ತೆಳುಗಾಳಿಗೆ ಒಗ್ಗಿಸುತ್ತದೆ, ಚಳಿಗೆ ಬೇರೆ ಉಡುಪು ಕೊಡುತ್ತದೆ. ಇಷ್ಟಾದರೂ 2016ರ ಫೆಬ್ರವರಿ 3ರ ಹಿಮಕುಸಿತದಲ್ಲಿ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಸಿಕ್ಕಿಬಿದ್ದರು. ದಿನಗಟ್ಟಲೆ ಹಿಮದಡಿ ಜೀವ ಹಿಡಿದು ಹೊರಬಂದವರು 11ರಂದು ತೀರಿಕೊಂಡರು. ಅಲ್ಲಿ ಕಳಿಸುವವರು ದಿನ ಎಣಿಸುತ್ತಾರೆ. ನಾವು ಮನೆಯಲ್ಲಿ, ಹೊಲದಲ್ಲಿ ಎಣಿಸುತ್ತೇವೆಯೆ?

ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬಂದು ಹೊಲದ ದಂಡೆಗೆ ತಾಡಪತ್ರಿಯ ಗುಡಿಸಲು ಹಾಕುತ್ತವೆ. ಒಮ್ಮೆ ಅಲ್ಲಿ ಹಸುಗೂಸೊಂದು ಮಲಗಿತ್ತು. ‘ಅವರಿಗೆ ಥಂಡಿ ರೂಢಿ ಐತ್ರಿ ಟೀಚರ್,’ ಅಂದರು ಜೊತೆಗಿದ್ದವರು. ಹಸುಗೂಸಿಗೆ ನಮ್ಮಂತೆ ನಡುಗಲೂ ಬಾರದು, ಮೈ ಬೇಗ ತಣ್ಣಗಾಗುತ್ತದೆ. ಅದಕ್ಕಿನ್ನೂ ತಿಂಗಳು ತುಂಬಿರಲಿಲ್ಲ. ಮರುದಿನ ಹಳೆಯದೊಂದು ಕೌದಿ ಒಯ್ದು ಕೊಟ್ಟೆ. ತಾಯಿ ಅದನ್ನು ಹೊದಿಸಲಿಲ್ಲ. ಎರಡು ಮಡಿಕೆ ಮಾಡಿ ಕೂಸಿನ ಕೆಳಗೆ ಹಾಸಿದಳು. ಥಂಡಿ ನೆಲದಿಂದ ಏರುತ್ತದೆಂದು ಅವಳಿಗೆ ಗೊತ್ತಿತ್ತು.