ಎಲೀಯನಿಗೆ ದೊರೆತ ರೊಟ್ಟಿ

ವಿಶ್ವಾಸ ದೃಢವಾಗಿದ್ದವನ ಹೊಸ್ತಿಲನ್ನು ದುಶ್ಚಿಂತೆಗಳು ತುಳಿಯಲಾರವೆಂದು ಉಪದೇಶಿಸುವವರು ಎಲ್ಲ ಸೀಮೆಗಳಲ್ಲಿಯೂ ಉಂಟು. ಕೊಲ್ಹಾಪುರದ ಸೀಮೆಯೂ ಅದಕ್ಕೆ ಹೊರತಲ್ಲ. 1852ರಲ್ಲಿ ಅಮೆರಿಕದ ಪಾದ್ರಿ ರಾಯಲ್ ವೈಲ್ಡರ್ ಆ ನಗರಕ್ಕೆ ಬಂದು ನೆಲಸಿದ ಮೇಲೆ ಅಲ್ಲಿ ಬೆಳೆದ ಸಭೆಗಳ ನುಡಿ ಮರಾಠಿ. ಆದರೆ ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜದ ಸುತ್ತ ಮನೆಮಾತು ಕನ್ನಡವಾಗಿರುವ ಕುಟುಂಬಗಳಿಗೆ ಕೊರತೆಯಿಲ್ಲವಾಗಿ, ಭಾನುವಾರ ಮರಾಠಿಯಲ್ಲಿ ಹಾಡಿ ಬಂದವನೂ ನಡುರಾತ್ರಿ ಎಚ್ಚರಗೊಂಡು ತಳಮಳಿಸುವುದು ಕನ್ನಡದಲ್ಲಿಯೇ.

ಇಚಲಕರಂಜಿಯಲ್ಲಿ ರಾತ್ರಿಪಾಳಿ ಮುಗಿಸಿ ಬೆಳಗ್ಗೆ ಮಲಗುವ ಮಗ್ಗದ ಕೆಲಸಗಾರನನ್ನು ನೆನೆಯಿರಿ. ಪವರ್‌ಲೂಮಿನ ಖಡಖಡ ಕಿವಿಯಿಂದ ಇನ್ನೂ ಇಳಿದಿಲ್ಲ, ನೆರೆಮನೆಯ ಮಗ್ಗ ಆಗಲೇ ಸದ್ದು ಹೂಡಿದೆ. ಅಂಗಡಿಯ ಉದ್ರಿ, ಮಗಳ ಮದುವೆ, ಬೆನ್ನಿನ ನೋವು ಎಂದು ತೊಡಗಿದ ಚಿಂತೆ, ತಾನು ಬದುಕಿ ಪ್ರಯೋಜನವೇನೆಂಬಲ್ಲಿಗೆ ಬಂದು ಮುಟ್ಟುತ್ತದೆ. ಇಂಥವನಿಗೆ ‘ನಿನ್ನ ವಿಶ್ವಾಸ ಸಾಲದು’ ಎಂದು ಹೇಳುವುದು ಸುಲಭ, ಶಾಸ್ತ್ರಸಮ್ಮತವಂತೂ ಅಲ್ಲ.

ಏಕೆಂದರೆ ಬಾಳನ ಪ್ರವಾದಿಗಳನ್ನು ಕರ್ಮೆಲಿನ ಬೆಟ್ಟದ ಮೇಲೆ ಸೋಲಿಸಿದ ಎಲೀಯನೇ, ಆ ಜಯದ ಬೆನ್ನಲ್ಲಿಯೇ ರಾಣಿ ಈಜೆಬೆಲಳಿಗೆ ಹೆದರಿ ಓಡಿ, ಅರಣ್ಯದ ಗಿಡವೊಂದರ ಅಡಿಯಲ್ಲಿ ಕುಳಿತು ಮರಣವನ್ನು ಬೇಡಿದನಷ್ಟೆ. ಆಗ ಬಂದ ದೇವದೂತನು ಅವನನ್ನು ಗದರಿಸಲಿಲ್ಲ, ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ತೋರಿಸಿದನು. ಎಲೀಯನು ಉಂಡು ಮತ್ತೆ ಮಲಗಿದನು; ಎರಡನೆಯ ಸಲವೂ ಎಬ್ಬಿಸಿ ಉಣಿಸಲಾಯಿತು. ಹೋರೇಬ್ ಬೆಟ್ಟದಲ್ಲಿ ದೇವರ ಮಂದಸ್ವರ ಕೇಳಿಸಿದ್ದು ಅದಾದ ನಲವತ್ತು ದಿನಗಳ ನಡಿಗೆಯ ತರುವಾಯ. ಅನ್ನ ಮತ್ತು ನಿದ್ರೆ ಮೊದಲು, ಉಪದೇಶ ಆಮೇಲೆ ಎಂಬ ಈ ಕ್ರಮವನ್ನು ನಮ್ಮ ಉಪದೇಶಕರು ಅದೇಕೋ ಗಮನಿಸುವುದೇ ಇಲ್ಲ. 88ನೆಯ ಕೀರ್ತನೆಯಾದರೋ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅದನ್ನು ಪವಿತ್ರಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ.

ಹಾಗಾದರೆ ವಚನದಿಂದ ಪ್ರಯೋಜನವಿಲ್ಲವೇ? ಉಂಟು. ಅರಣ್ಯದಲ್ಲಿ ಶೋಧನೆಗೊಳಗಾದ ಯೇಸು ಮೂರು ಸಲವೂ ಧರ್ಮೋಪದೇಶಕಾಂಡದ ಮಾತಿನಿಂದಲೇ ಉತ್ತರವಿತ್ತನು. ಇದನ್ನೇ ಹಿಡಿದು, ನಾಲ್ಕನೆಯ ಶತಮಾನದಲ್ಲಿ ಈಜಿಪ್ತಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಎಂಬ ಸಂನ್ಯಾಸಿಯು ಮನುಷ್ಯನನ್ನು ಕಾಡುವ ಆಲೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಒಂದೊಂದಕ್ಕೂ ಎದುರಾಡಬೇಕಾದ ವಚನಗಳನ್ನು ಪಟ್ಟಿಮಾಡಿದನು. ಆಲೋಚನೆ ಬರುವುದು ನಮ್ಮ ವಶದಲ್ಲಿಲ್ಲ, ಅದು ತಂಗುವುದು ಮಾತ್ರ ನಮ್ಮ ವಶದಲ್ಲಿದೆ ಎಂಬುದು ಅವನ ಮತ. ಎಳೆ ಹರಿದಾಗ ನೇಕಾರನು ಮಗ್ಗವನ್ನು ನಿಲ್ಲಿಸಿ ಆ ಒಂದೆಳೆಯನ್ನು ಹುಡುಕಿ ಗಂಟು ಹಾಕುತ್ತಾನೆಯೇ ಹೊರತು ಹಾಸನ್ನೆಲ್ಲ ಬಿಚ್ಚುವುದಿಲ್ಲ. ವಚನವನ್ನು ಬಳಸುವ ಬಗೆಯೂ ಅದೇ. ಇಡೀ ಗ್ರಂಥವನ್ನು ಗಿಳಿಪಾಠ ಮಾಡುವುದಕ್ಕಿಂತ, ನಾಳೆಯ ಭಯಕ್ಕೆ ಮತ್ತಾಯನ ಆರನೆಯ ಅಧ್ಯಾಯದ ಒಂದು ಮಾತನ್ನು ಆ ಭಯ ಎದ್ದ ಗಳಿಗೆಯಲ್ಲಿಯೇ ಬಾಯಿಬಿಟ್ಟು ನುಡಿಯುವುದು ಮೇಲು. ಬಾಸೆಲ್ ಮಿಶನ್ನಿನವರು ‘ಯಾತ್ರಿಕನ ಸಂಚಾರ’ವೆಂದು ಕನ್ನಡಕ್ಕೆ ತಂದ ಬನಿಯನ್ನನ ಕಥೆಯಲ್ಲಿಯೂ, ಸಂದೇಹದ ಕೋಟೆಯ ಬೀಗವನ್ನು ತೆರೆಯುವ ಕೀಲಿಕೈ ಸೆರೆಯಾಳಿನ ಎದೆಯೊಳಗೇ ಇರುತ್ತದೆ, ಅದರ ಹೆಸರು ವಾಗ್ದಾನ. ಸ್ವತಃ ವರ್ಷಗಟ್ಟಲೆ ದುರಾಲೋಚನೆಗಳಿಂದ ನರಳಿದವನು ಬರೆದ ಕಥೆಯದು.

ಆದರೂ ವಚನವೊಂದೇ ಸಾಕು, ವೈದ್ಯ ಬೇಡ ಎನ್ನುವವರು ತಮ್ಮ ಸಭೆಯ ಚರಿತ್ರೆಯನ್ನೇ ಮರೆತವರು. ವೈಲ್ಡರ್ ನೆಟ್ಟ ಮಿಶನ್ನಿಗೇ ಸೇರಿದ ಡಾಕ್ಟರ್ ವಾನ್‌ಲೆಸ್ ಮಿರಜದಲ್ಲಿ ಆಸ್ಪತ್ರೆ ಕಟ್ಟಿದನು. ಕೊಲ್ಹಾಪುರದ ಮಿಶನ್ ಆಸ್ಪತ್ರೆಗೆ ಅವನ ಪತ್ನಿ ಮೇರಿಯ ಹೆಸರಿದೆ. ಪ್ರಾರ್ಥನೆಗೂ ಚಿಕಿತ್ಸೆಗೂ ಅವರು ವೈರ ಕಾಣಲಿಲ್ಲ. ಆದುದರಿಂದ ಈ ಊರುಗಳ ಸಭಾಪಾಲಕರಲ್ಲಿ ನನ್ನ ಬಿನ್ನಹವಿಷ್ಟು: ಸಾವನ್ನು ಬಯಸುವ ಮಾತಾಡುತ್ತ ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ ಅವನ ವಿಶ್ವಾಸವನ್ನು ಅಳೆಯಬೇಡಿರಿ, ಊಟ ಬಡಿಸಿರಿ, ಅವನ ಮಾತು ಕೇಳಿರಿ, ಅವನೊಡನೆ ಒಂದು ಕೀರ್ತನೆಯನ್ನು ಓದಿರಿ, ಮತ್ತು ಅಂದೇ ಅವನನ್ನು ಜೊತೆಗೆ ಕರೆದುಕೊಂಡು ಡಾಕ್ಟರರ ಬಳಿಗೆ ಹೋಗಿರಿ.