ಕಡ್ಡಾಯವಾದದ್ದು ಆ್ಯಪ್ ಒಂದೇ ಅಲ್ಲ

ವೈಯಕ್ತಿಕ ಫಲಾನುಭವಿ ಕಾಮಗಾರಿ ಬಿಟ್ಟು ಉಳಿದ ಉದ್ಯೋಗ ಖಾತ್ರಿ ಕೆಲಸದ ಹಾಜರಿಯನ್ನು ಎನ್‌ಎಂಎಂಎಸ್ ಆ್ಯಪಿನಲ್ಲೇ ಹಾಕಬೇಕೆಂದು ಕೇಂದ್ರ ಸರ್ಕಾರ 2023ರ ಜನವರಿ 1ರಿಂದ ಕಡ್ಡಾಯ ಮಾಡಿತು. ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರದ ಕಡೆ ಕೆರೆ ಹೂಳೆತ್ತುವಲ್ಲಿ ಕೆಲಸದ ಮೇಲ್ವಿಚಾರಣೆ ನೋಡುವ ಕಾಯಕ ಬಂಧು ದಿನಕ್ಕೆ ಎರಡು ಸಲ ಕೂಲಿಕಾರರ ಫೋಟೊ ತೆಗೆದು ಏರಿಸಬೇಕಾಯಿತು. ಏರದಿದ್ದರೆ ಕೂಲಿಗೇ ಕುತ್ತು. ನೆಟ್‌ವರ್ಕ್ ಸಿಗದ ಬಗ್ಗೆ ಬೇಕಾದಷ್ಟು ಮಾತಾಗಿದೆ. ನನ್ನನ್ನು ಕಾಡುವುದು ಇನ್ನೊಂದು: ಆ ಆದೇಶ ಹೊರಡಿಸಿದವರು ತಮಗೇ ಗೊತ್ತಿಲ್ಲದೆ ಕಾಯಕ ಬಂಧುವಿನ ಫೋನಿಗೆ ಒಂದು ಸಿ ಲೈಬ್ರರಿಯನ್ನೂ ಕಡ್ಡಾಯ ಮಾಡಿದರು.

ಆ್ಯಪ್ ನಡೆಯುವ ಆಂಡ್ರಾಯ್ಡ್ ಫೋನಿನ ತಳದಲ್ಲಿ ಲಿನಕ್ಸ್ ಕರ್ನಲ್ ಇದೆ. ಫೈಲ್ ತೆರೆ, ಮೆಮೊರಿ ಕೊಡು, ಈಗ ಗಂಟೆ ಎಷ್ಟು ಹೇಳು ಎಂದು ಆ್ಯಪ್ ಕೇಳಿದರೆ ಆ ಕೇಳಿಕೆಯನ್ನು ಕರ್ನಲ್‌ಗೆ ಮುಟ್ಟಿಸುವುದು ಸಿ ಲೈಬ್ರರಿ. ಲಿನಕ್ಸ್ ಕಂಪ್ಯೂಟರುಗಳಲ್ಲಿ ಹೆಚ್ಚಾಗಿ ಇರುವುದು 1980ರ ದಶಕದ ಕೊನೆಯಲ್ಲಿ ಶುರುವಾದ ಜಿಲಿಬ್‌ಸಿ. ಗೂಗಲ್ ಅದನ್ನು ಒಲ್ಲೆನೆಂದು, ಬಿಎಸ್‌ಡಿ ಎಂಬ ಇನ್ನೊಂದು ವ್ಯವಸ್ಥೆಯ ಕೋಡ್ ತಂದು ಆಂಡ್ರಾಯ್ಡ್‌ಗೆ ಬಯೋನಿಕ್ ಕಟ್ಟಿತು. ಲೈಸೆನ್ಸಿನ ಕರಾರುಗಳಿಂದ ದೂರ ಇರಬೇಕಿತ್ತು, ಅಂದಿನ ಬಡ ಫೋನುಗಳಲ್ಲಿ ಜಾಗವೂ ಕಡಿಮೆ ಇತ್ತು. 2011ರಲ್ಲಿ ರಿಚ್ ಫೆಲ್ಕರ್ ಅವರ ಮಸಲ್ ಎಂಬ ಇನ್ನೊಂದು ಸಿ ಲೈಬ್ರರಿ ಬಂತು. ಫೋನು ಹತ್ತು ವರ್ಷ ಬಾಳಬೇಕೆಂಬ ಆಸೆಯಿಂದ 2017ರಲ್ಲಿ ಹುಟ್ಟಿದ ಕಾರ್ಯಾಚರಣಾ ವ್ಯವಸ್ಥೆ ಪೋಸ್ಟ್‌ಮಾರ್ಕೆಟ್‌ಓಎಸ್ ನಿಂತಿರುವುದು ಮಸಲ್ ಮೇಲೆ.

ಈ ಮೂರೂ ಲೈಬ್ರರಿಗಳು ಬಹುಪಾಲು ಒಂದೇ ಸ್ಟ್ಯಾಂಡರ್ಡ್‌ಗೆ ತಲೆಬಾಗುತ್ತವೆ. ಹಾಗಾದರೆ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಏನು ಹೋಯಿತು? ಹಾಜರಿ ಪಟ್ಟಿಯಲ್ಲಿ ಕಾಶೀನಾಥ, ಕಾಸಿಂ, ಕಾಳಮ್ಮ ಇದ್ದಾರೆ ಅನ್ನಿ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ, ಆದ್ದರಿಂದ ಕಾಳಮ್ಮ ಕೊನೆಗೆ. ಕನ್ನಡಕ್ಕೆ ಹೊಂದಿಸಿದ ಈಚಿನ ಜಿಲಿಬ್‌ಸಿ ಹಾಗೆಯೇ ಜೋಡಿಸುತ್ತದೆ. ಮಸಲ್ ಮತ್ತು ಬಯೋನಿಕ್ ಯೂನಿಕೋಡ್ ಸಂಖ್ಯೆಯನ್ನಷ್ಟೇ ನೋಡುತ್ತವೆ. ಅಲ್ಲಿ ಳ ಇರುವುದು ವ, ಶ, ಸಗಳಿಗಿಂತ ಮೊದಲು, ಹಾಗಾಗಿ ಕಾಳಮ್ಮ ಮೊದಲಿಗೆ ಬಂದು ಕೂರುತ್ತಾಳೆ. ಭಾಷೆಯ ಉಸಾಬರಿ ತಳಕ್ಕೆ ಬೇಡ, ಮೇಲಿನ ಐಸಿಯು ಎಂಬ ಭಾಷಾ ಲೈಬ್ರರಿ ನೋಡಿಕೊಳ್ಳಲಿ ಎಂಬುದು ಆಂಡ್ರಾಯ್ಡಿನ ಏರ್ಪಾಟು. ಇದನ್ನು ನಾನು ತಪ್ಪೆನ್ನಲಾರೆ. ತಳ ಹಗುರಾಯಿತೆಂದರೆ ಭಾರ ಇಲ್ಲವಾಯಿತು ಎಂದಲ್ಲ, ಬೇರೆ ಯಾರೋ ಹೊತ್ತಿದ್ದಾರೆ ಎಂದು.

ಇದು ಕಣ್ಣಿಗೆ ಕಾಣುವ ವ್ಯತ್ಯಾಸ. ಕಾಣದ್ದು ಇನ್ನೂ ಬಿಗಿ. ಬಯೋನಿಕ್‌ಗೆಂದು ಕಟ್ಟಿದ ಬೈನರಿ ಮಸಲ್ ಮೇಲೆ ಇದ್ದಂತೆಯೇ ಓಡುವುದಿಲ್ಲ. ಫೋನ್ ಕಂಪನಿಗಳು ಗ್ರಾಫಿಕ್ಸ್‌ಗೆ, ಕ್ಯಾಮೆರಾಗೆ ಕೊಡುವ ಡ್ರೈವರುಗಳ ಕಥೆಯೂ ಅದೇ. ಅವನ್ನು ಜಿಲಿಬ್‌ಸಿ ಇರುವ ಉಬುಂಟು ಟಚ್‌ನಂಥ ವ್ಯವಸ್ಥೆಗೆ ಒಗ್ಗಿಸಲು ಲಿಬ್‌ಹೈಬ್ರಿಸ್ ಎಂಬ ನಡುವಿನ ದಲ್ಲಾಳಿ ಬೇಕಾಯಿತು. ಸ್ಟ್ಯಾಂಡರ್ಡ್ ಎನ್ನುವುದು ಬರೆದಿಟ್ಟ ಮಾತು. ತಂತ್ರಾಂಶ ಬದುಕುವುದು ಬರೆಯದ ರೂಢಿಗಳ ಮೇಲೆ.

ಬೆಂಗಳೂರಿಗೆ ದುಡಿಯಲು ಹೋದ ಅಣ್ಣ ಬಳಸಿ ಬಿಟ್ಟ ಫೋನು ಯಾದಗಿರಿಯ ಹಳ್ಳಿಯಲ್ಲಿ ತಮ್ಮನ ಕೈಗೆ ಬರುತ್ತದೆ. ಡಿಸ್‌ಪ್ಲೇ, ಬ್ಯಾಟರಿ ಗಟ್ಟಿಮುಟ್ಟಾಗಿವೆ, ಆದರೆ ಕಂಪನಿ ಅಪ್‌ಡೇಟ್ ನಿಲ್ಲಿಸಿ ವರ್ಷಗಳಾಗಿವೆ. ಮಾದರಿ ಹೊಂದಿದರೆ ಅದಕ್ಕೆ ಪೋಸ್ಟ್‌ಮಾರ್ಕೆಟ್‌ಓಎಸ್ ಹಾಕಿ ಜೀವ ಕೊಡಬಹುದು. ಬದಲಿ ಲೈಬ್ರರಿಯ ನಿಜವಾದ ಬೆಲೆ ಇಲ್ಲಿದೆ: ಫೋನು ಸತ್ತಿತೆಂದು ಹೇಳುವ ಅಧಿಕಾರ ಕಂಪನಿಯೊಂದರ ಕೈಯಲ್ಲೇ ಉಳಿಯುವುದಿಲ್ಲ. ಆದರೆ ಜೀವ ಬಂದ ಆ ಫೋನಿನಲ್ಲಿ ಹಾಜರಿ ಹಾಕಬೇಕಾದರೆ ವೇಡ್ರಾಯ್ಡ್‌ನಂಥದ್ದರ ಮೂಲಕ ಒಳಗೊಂದು ಇಡೀ ಆಂಡ್ರಾಯ್ಡನ್ನು, ಬಯೋನಿಕ್ ಸಮೇತ, ಮತ್ತೆ ಹೊರಿಸಬೇಕು. ಹಳೇ ಫೋನಿಗೆ ಅಷ್ಟು ತ್ರಾಣ ಎಲ್ಲಿಯದು? ತಂತ್ರಜ್ಞರು ಬಿಡಿಸಿದ ಗಂಟನ್ನು ಸರ್ಕಾರಿ ಆದೇಶ ಮತ್ತೆ ಕಟ್ಟಿತು.

ಸ್ವದೇಶಿ ವ್ಯವಸ್ಥೆ ಬಂದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಐಐಟಿ ಮದ್ರಾಸ್‌ನ ಆಸರೆಯಲ್ಲಿ ಬೆಳೆದು 2023ರಲ್ಲಿ ಸುದ್ದಿಯಾದ ಭಾರ್‌ಓಎಸ್ ಕೂಡ ಆಂಡ್ರಾಯ್ಡಿನ ಮುಕ್ತ ಕೋಡಿನ ಮೇಲೆ ಕಟ್ಟಿದ್ದೇ. ಹೆಸರು ನಮ್ಮದಾದ ಮಾತ್ರಕ್ಕೆ ತಳ ಬದಲಾಗುವುದಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆ ಭಾಗದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊಲ ತನ್ನದು, ಬೀಜ ತನ್ನದು. ಭತ್ತ ಬೆಳೆಯಬಹುದೋ ಇಲ್ಲವೋ ಎಂಬುದು ಮೇಲೆ ಗೇಟು ಎತ್ತುವವರ ಕೈಯಲ್ಲಿ.

ಎಲ್ಲ ಲೈಬ್ರರಿಗೂ ಒಂದೊಂದು ಆ್ಯಪ್ ಮಾಡಿ ಎಂದು ಸರ್ಕಾರವನ್ನು ಕೇಳುವುದು ಹುಚ್ಚು. ಹಾಳೆಯ ಹಾಜರಿ ಪಟ್ಟಿಯಲ್ಲಿ ಸುಳ್ಳು ಹೆಸರು ತುಂಬುತ್ತಿದ್ದರೆಂಬ ದೂರನ್ನೂ ತಳ್ಳಿಹಾಕಲಾಗದು. ಆದರೆ ಮಾರುಕಟ್ಟೆಯಲ್ಲಿ ಒಬ್ಬ ತಾನಾಗಿ ಆಂಡ್ರಾಯ್ಡ್ ಆರಿಸಿಕೊಳ್ಳುವುದು ಬೇರೆ, ಕೂಲಿಯ ಹಕ್ಕಿಗೆ ಅದನ್ನು ಷರತ್ತು ಮಾಡುವುದು ಬೇರೆ. ಕಡ್ಡಾಯ ಮಾಡಿದವರು ತಳದ ಹೊಣೆಯನ್ನೂ ಹೊರಬೇಕು. ಆಂಡ್ರಾಯ್ಡಿನ ಯಾವ ಹಳೆಯ ಆವೃತ್ತಿಯವರೆಗೆ ಆ್ಯಪ್ ನಡೆಯುತ್ತದೆ, ಎಷ್ಟು ವರ್ಷ ನಡೆಯುತ್ತದೆ ಎಂಬುದು ಅಂಥ ಆದೇಶದಲ್ಲೇ ಇರಲಿ. ಅದಕ್ಕೆ ಹೊಂದದ ಫೋನು ಹಿಡಿದ ಕಾಯಕ ಬಂಧು ಹಾಳೆಯಲ್ಲಿ ಬರೆದ ಹಾಜರಿಗೂ ಕೂಲಿ ಬರಲಿ.