ಉಳಿಯಲಾರದ ಶಿಶುವೂ ಅದರ ತಾಯ್ತಂದೆಗಳೂ

ವಯಸ್ಸಾದವರು ತೀರಿಕೊಂಡಾಗ ಏನು ಹೇಳಬೇಕು, ಎಷ್ಟು ದಿನ ಬಂದುಹೋಗಬೇಕು ಎಂಬುದು ಎಲ್ಲ ಮನೆಗಳಿಗೂ ತಿಳಿದಿದೆ. ಆದರೆ ತಿಂಗಳು ತುಂಬದೆ ಹುಟ್ಟಿ, ಇಂದೋ ನಾಳೆಯೋ ಉಸಿರು ನಿಲ್ಲುವುದೆಂದು ವೈದ್ಯರು ಹೇಳಿರುವ ಶಿಶುವಿನ ತಾಯ್ತಂದೆಗಳ ಮುಂದೆ ಬಲ್ಲವರೂ ಮೂಕರಾಗುತ್ತಾರೆ. ಮೂಕರಾದರೆ ಬಾಧಕವಿಲ್ಲ; ಸುಮ್ಮನಿರಲಾರದೆ ಆಡುವ ಮಾತುಗಳೇ ಹೆಚ್ಚು ನೋಯಿಸುವುವು. 'ಹೋಗಲಿ, ಇನ್ನೊಂದಾಗುತ್ತದೆ' ಎಂಬುದು ಅವುಗಳಲ್ಲೊಂದು. ಒಡೆದ ಗಡಿಗೆಗೆ ಬದಲಾಗಿ ಬೇರೊಂದು ಗಡಿಗೆಯನ್ನು ತರಬಹುದು. ತಾಯಿಯು ಕೇಳುತ್ತಿರುವುದು ಒಂದು ಮಗುವನ್ನಲ್ಲ, ಈ ಮಗುವನ್ನು.

ಅದಕ್ಕಿಂತಲೂ ಕಠಿಣವಾದ ಪ್ರಶ್ನೆಯು ಮುಚ್ಚಿಡುವಿಕೆಯದು. 'ಬಾಣಂತಿಗೆ ತಿಳಿಸಬೇಡಿ, ಮಗುವನ್ನು ತೋರಿಸಬೇಡಿ, ಕಂಡರೆ ಮೋಹ ಹೆಚ್ಚುವುದು' ಎಂದು ಹಿರಿಯರು ಹೇಳುವುದುಂಟು. ಇದನ್ನು ನಿರ್ದಯವೆನ್ನಲಾಗದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಈ ದೇಶದಲ್ಲಿ ಹುಟ್ಟಿದ ಐದು ಶಿಶುಗಳಲ್ಲಿ ಸುಮಾರು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದಿತು. ಬದುಕಿದ್ದವರನ್ನು ಸಾಕಬೇಕಾದ ತಾಯಿಯ ಮನಸ್ಸನ್ನು ಕಾಪಾಡುವುದಕ್ಕೆ ಆ ಕಾಲಕ್ಕೆ ಬೇರೆ ಉಪಾಯವು ಕಾಣಲಿಲ್ಲ. ಎರಡು ವರ್ಷ ತುಂಬದ ಶಿಶುವಿಗೆ ದಹನವೂ ತರ್ಪಣವೂ ಬೇಡ, ಭೂಮಿಗೆ ಒಪ್ಪಿಸಿದರೆ ಸಾಕು ಎಂದು ಮನುಸ್ಮೃತಿಯೂ ವಿಧಿಸಿದೆ. ಆದರೆ ಕರ್ಮವಿಲ್ಲವೆಂದರೆ ದುಃಖವೂ ಇಲ್ಲವೆಂದು ಅರ್ಥವೇ? ಲೋಕವು ಮಾತ್ರ ಹಾಗೆಯೇ ಅರ್ಥಮಾಡಿಕೊಂಡಿತು.

ಮೋಹವು ಕಂಡಮೇಲೆ ಹುಟ್ಟುವುದೆಂಬುದೇ ತಪ್ಪು. ಅದು ಮಗುವು ಗರ್ಭದಲ್ಲಿ ಮೊದಲು ಮಿಸುಕಿದಂದೇ ಹುಟ್ಟಿರುವುದು. ಕಾಣದ ಮುಖವನ್ನು ತಾಯಿಯು ಮರೆಯುವುದಿಲ್ಲ. ಕಲ್ಪಿಸಿಕೊಳ್ಳುತ್ತಾಳೆ, ಮತ್ತು ಕಲ್ಪನೆಯು ನಿಜಕ್ಕಿಂತ ಹೆಚ್ಚು ಭಯಂಕರವಾಗಿರುವುದು ಸಾಮಾನ್ಯ. ಇನ್ನು ತಂದೆಯ ಪಾಡು. ವೈದ್ಯರು ಸತ್ಯವನ್ನು ಅವನೊಬ್ಬನಿಗೆ ಹೇಳಿ ಕಳುಹಿಸುವರು. ಅವನು ಹೆಂಡತಿಯ ಮಂಚದ ಬಳಿಗೆ ಬಂದು ನಗಬೇಕು. ಜೊತೆಯಾಗಿ ಅಳಬೇಕಾದ ಇಬ್ಬರಲ್ಲಿ ಒಬ್ಬನನ್ನು ಸುಳ್ಳುಗಾರನನ್ನಾಗಿ ಮಾಡುವ ಈ ದಯೆಯು ದಯೆಯೆಂಬ ಹೆಸರಿಗೆ ಯೋಗ್ಯವಲ್ಲ.

ಐಶ್ವರ್ಯಾಧಿಕಾರಗಳಿಂದಲೂ ಇಲ್ಲಿ ಪ್ರಯೋಜನವಿಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರಿಗೆ 1963ರ ಆಗಸ್ಟ್ 7ರಂದು ಐದೂವರೆ ವಾರ ಮುಂಚಿತವಾಗಿ ಜನಿಸಿದ ಗಂಡುಶಿಶುವು ಶ್ವಾಸಕೋಶದ ರೋಗದಿಂದ 39 ಗಂಟೆಗಳಲ್ಲಿ ಬಾಸ್ಟನ್ ನಗರದಲ್ಲಿ ತೀರಿಕೊಂಡಿತು. ತಂದೆಯು ಬಳಿಯಲ್ಲಿದ್ದರು. ತಾಯಿಯು ಶಸ್ತ್ರಚಿಕಿತ್ಸೆಯಾಗಿ ಬೇರೊಂದು ಆಸ್ಪತ್ರೆಯಲ್ಲಿದ್ದರು. ಅಂತ್ಯಕ್ರಿಯೆಗೂ ಅವರು ಬರಲಾಗಲಿಲ್ಲ. ಆ ರೋಗಕ್ಕೆ 1980ರಿಂದೀಚೆಗೆ ಔಷಧವು ದೊರೆತು, ಅಂತಹ ಶಿಶುಗಳು ಈಗ ಬಹುಮಟ್ಟಿಗೆ ಬದುಕುತ್ತವೆ. ಆದರೆ ಎಲ್ಲೆಯು ಹಿಂದಕ್ಕೆ ಸರಿದಿದೆಯೇ ಹೊರತು ಅಳಿದಿಲ್ಲ. 40 ವಾರ ಇರಬೇಕಾದಲ್ಲಿ 22 ವಾರಕ್ಕೇ ಹೊರಬಂದ ಜೀವವನ್ನು ಉಳಿಸುವುದು ಇಂದಿಗೂ ದುಸ್ಸಾಧ್ಯ.

ಹಾಗಾದರೆ ಮಾಡತಕ್ಕುದೇನು? ಮೊದಲನೆಯದಾಗಿ, ಇಬ್ಬರನ್ನೂ ಕೂಡಿಸಿ ನಿಜವನ್ನು ಹೇಳುವುದು. ಯಂತ್ರವನ್ನು ನಿಲ್ಲಿಸಿರೆಂಬ ಮಾತನ್ನು ತಾಯ್ತಂದೆಗಳ ಬಾಯಿಂದಲೇ ಹೇಳಿಸುವುದು ಕ್ರೌರ್ಯ. ವೈದ್ಯರು ತಮ್ಮ ನಿರ್ಣಯದ ಭಾರವನ್ನು ತಾವೇ ಹೊತ್ತು, ಅವರ ಸಮ್ಮತಿಯನ್ನು ಪಡೆಯಬೇಕು. ಆಮೇಲೆ ಮಗುವನ್ನು ತಾಯಿಯ ಕೈಗೆ ಕೊಡುವುದು. ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 1978ರಲ್ಲಿ, ಗಾಜಿನ ಪೆಟ್ಟಿಗೆಗಳು ಸಾಲದೆ ಹೋದಾಗ, ಎಳೆಯ ಶಿಶುಗಳನ್ನು ತಾಯಿಯ ಬರಿ ಎದೆಗೆ ಒತ್ತಿಟ್ಟು ಬದುಕಿಸುವ ಪದ್ಧತಿಯು ಆರಂಭವಾಯಿತು. ಬದುಕಲಾರದ ಶಿಶುವಿಗೂ ಆ ಎದೆಯ ಬಿಸಿಯೇ ಸಾಕಷ್ಟು ಸುಖ. ನಾಮಕರಣಕ್ಕೆ ಹನ್ನೊಂದನೆಯ ದಿನವನ್ನೋ ಹನ್ನೆರಡನೆಯ ದಿನವನ್ನೋ ಕಾಯುವುದು ರೂಢಿ. ಆ ದಿನವನ್ನು ಕಾಣದ ಮಗುವಿಗೆ ತಂದೆಯು ಇಂದೇ ಕಿವಿಯಲ್ಲಿ ಹೆಸರು ಹೇಳಿದರೆ ಯಾವ ಪುರುಡು ಅಡ್ಡಬರುವುದು?

ಮನೆಗೆ ಬಂದಮೇಲೆ ನೆರೆಹೊರೆಯವರು ಮರೆಯುವ ಸಂಗತಿಯೊಂದಿದೆ. ಮಗುವು ಹೋದರೂ ಹೆರಿಗೆಯಾದ ಎರಡು ಮೂರು ದಿನಗಳಲ್ಲಿ ತಾಯಿಯ ಎದೆಗೆ ಹಾಲು ಇಳಿಯುತ್ತದೆ. ಇದನ್ನು ಮುಂಚಿತವಾಗಿ ಹೇಳುವವರು ವಿರಳ. ರಾತ್ರಿಯಲ್ಲಿ ರವಿಕೆಯು ತೊಯ್ದು ಅವಳು ಎದ್ದು ಕುಳಿತಾಗ, ದೀಪ ಹಚ್ಚಿ, ಏನೂ ಕೇಳದೆ, ತಣ್ಣೀರಿನ ಬಟ್ಟೆಯನ್ನು ಹಿಂಡಿ ಕೊಡುವ ಅತ್ತೆಯೋ ಅಕ್ಕನೋ ಆ ಮನೆಯಲ್ಲಿ ಒಬ್ಬಳಿರಬೇಕು.